ಮೂಸ್‌ಗೆ ಕೇಳಿಸುತ್ತದೆ

ಸೆಪ್ಟೆಂಬರ್ 20, ಬೆಳಿಗ್ಗೆ

ಮತ್ತೆ ಬೋಟ್. ಮತ್ತೆ ಒದ್ದೆ ಕಾಲುಚೀಲ. ಯೂಕಾನ್ ನದಿಯ ಮೇಲೆ ಮಂಜು, ಎದುರು ದಡವೇ ಕಾಣದು. ವಿಲ್ಬರ್ ಮಾವ ಮೋಟಾರ್ ಹಿಡಿದು ಕೂತರೆ ಮಾತಿಲ್ಲ. ಬೇಟೆಯ ಸೀಸನ್ 25ಕ್ಕೆ ಮುಗಿಯುತ್ತದೆ. ಮರುದಿನ ನನ್ನ ವಿಮಾನ, ಆಮೇಲೆ ಕೆಮಿಸ್ಟ್ರಿ ಮಿಡ್‌ಟರ್ಮ್... ಒಂದಕ್ಷರ ಓದಿಲ್ಲ. ಮುಂದಿನ ವಾರ ತಾತನ ನೆನಪಿನೂಟ. ಫ್ರೀಜರ್‌ನಲ್ಲಿ ಮೀನು ಬಿಟ್ಟರೆ ಏನಿಲ್ಲ. ಮೂಸ್ ಜಿಂಕೆಯ ಮಾಂಸ ಬಡಿಸದಿದ್ದರೆ ತಾತ ಹಸಿದುಕೊಂಡೇ ಹೋದ ಹಾಗೆ, ಅಂತ ಅಜ್ಜಿ. ಊಟಕ್ಕೆ ನಾನಿರುವುದಿಲ್ಲ. ಮಾಂಸವಾದರೂ ಇರಲಿ.

ಸಂಜೆ

ಕೆಸರಿನಲ್ಲಿ ಗೊರಸಿನ ಗುರುತು. ಹೊಸದು, ಒಳಗಿನ್ನೂ ನೀರು ತುಂಬಿರಲಿಲ್ಲ. ನನ್ನ ಅಂಗೈಗಿಂತ ದೊಡ್ಡದು. ಖುಷಿಗೆ ಬಾಯಿ ನಿಲ್ಲಲಿಲ್ಲ. "ನಾಳೆ ಈ ಮೂಸ್ ನಮ್ದೇ ಮಾವ, ಬೆಟ್ ಕಟ್ತೀನಿ" ಅಂದೆ. ಜೋರಾಗಿ.

ಮಾವ ನನ್ನನ್ನು ನೋಡಲಿಲ್ಲ, ಕಾಡನ್ನು ನೋಡಿದ. ಬೋಟನ್ನು ಮನೆ ಕಡೆ ತಿರುಗಿಸಿದ.

ಆಗ ನೆನಪಾಯಿತು. ಅದರ ಬಗ್ಗೆ ಜಂಬ ಕೊಚ್ಚಬಾರದು. ಅದಕ್ಕೆ ಕೇಳಿಸುತ್ತದೆ. ತಾನಾಗಿ ನಮ್ಮ ಕೈಗೆ ಬರಬೇಕೆಂದಿದ್ದರೂ ಬಾರದೆ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಗೋಲ್, ಟಾರ್ಗೆಟ್ ಅಂತ ಗೋಡೆಗೆ ಬರೆದು ಅಂಟಿಸಿಕೊಂಡು ಬೆಳೆದವಳು ನಾನು.

ಅಜ್ಜಿ ಬೈಯಲಿಲ್ಲ. "ಬಾಯಲ್ಲೇ ಹೊಡ್ಕೊಂಡ್ ಬಂದ್ಯಂತೆ. ಬಡಿಸೋದನ್ನೂ ಬಾಯಲ್ಲೇ ಬಡಿಸ್ಬಿಡು" ಅಂದು ಮೀನಿನ ಸೂಪ್ ಮುಂದಿಟ್ಟಳು.

ಸೆಪ್ಟೆಂಬರ್ 24

ಇಷ್ಟು ದಿನ ಬರೆಯಲಿಲ್ಲ. ಬರೆದರೂ ಹೇಳಿದ ಹಾಗೇ ತಾನೇ? ನಿನ್ನೆಯವರೆಗೆ ಏನೂ ಕಾಣಲಿಲ್ಲ, ಗುರುತು ಕೂಡ. ನಿದ್ದೆಯಿಲ್ಲ. ಕಚ್ಚಲು ಉಗುರೂ ಉಳಿದಿಲ್ಲ. ಇವತ್ತು ಮಧ್ಯಾಹ್ನ ಮರಳುದಿಬ್ಬದಲ್ಲಿ ಹೆಣ್ಣು ಮೂಸ್ ಒಂದು ನಿಂತಿತ್ತು. ಹೆಣ್ಣನ್ನು ಹೊಡೆಯುವಂತಿಲ್ಲ. ಕಡ್ಡಿ ಮೆಲ್ಲುತ್ತ ನನ್ನನ್ನೇ ನೋಡಿತು. ನಾನು ತಲೆ ತಗ್ಗಿಸಿದೆ. ಮಾವ ಇಷ್ಟು ದಿನದ ಮೇಲೆ ನಕ್ಕ. "ಪರ್ವಾಗಿಲ್ಲ ವರ್ನಾ, ಕಲೀತಿದೀಯ."

ಸೆಪ್ಟೆಂಬರ್ 25, ಮಧ್ಯಾಹ್ನ

ಕೊನೆಯ ದಿನ. ತಾತ ಜೋಪಾನ ಮಾಡಿಟ್ಟಿದ್ದ ಮೂಸ್‌ನ ಒಣ ಹೆಗಲಮೂಳೆಯನ್ನು ಮಾವ ನನ್ನ ಕೈಗೆ ಕೊಟ್ಟ. ಪೊದೆಗೆ ಉಜ್ಜಬೇಕು. ಇನ್ಯಾವುದೋ ಗಂಡು ಕೊಂಬು ತಿಕ್ಕುತ್ತಿದೆ ಅಂದುಕೊಂಡು ಗಂಡು ಮೂಸ್ ಜಗಳಕ್ಕೆ ಬರುತ್ತದೆ. ಉಜ್ಜಿದೆ. ನಿಲ್ಲಿಸಿದೆ. ಮತ್ತೆ ಉಜ್ಜಿದೆ. ಈಗ ಕಾಯುವುದು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಚೆ ಕಡ್ಡಿ ಮುರಿದ ಸದ್ದು. ಮಾವ ನನ್ನ ಪೆನ್ಸಿಲ್ ನೋಡುತ್ತಿದ್ದಾನೆ —

ಸಂಜೆ, ಮನೆ

ಬೆರಳಿನ ವಾಸನೆ ಸೋಪಿಗೂ ಹೋಗುತ್ತಿಲ್ಲ. ಅಜ್ಜಿ ದೊಡ್ಡ ಪಾತ್ರೆಯನ್ನೇ ಒಲೆಗಿಟ್ಟಿದ್ದಾಳೆ. ಅಕ್ಕಪಕ್ಕದವರು ಚಾಕು ಹಿಡಿದು ಮಾಂಸ ಕೊಯ್ಯಲು ಶೆಡ್ಡಿಗೆ ಬರುತ್ತಿದ್ದಾರೆ, ಯಾರೂ ಏನೂ ಕೇಳುತ್ತಿಲ್ಲ. ಹಾಸ್ಟೆಲ್‌ನಿಂದ ನನ್ನ ರೂಮ್‌ಮೇಟ್ ಪೇಜ್ ಮಾತ್ರ ಫೋನ್ ಮಾಡಿದಳು. ಸಿಕ್ಕಿತಾ, ಎಷ್ಟು ದೊಡ್ಡದು, ಫೋಟೋ ಕಳಿಸು ಅಂತ.

ಅದರ ಕೊಂಬು ನಮ್ಮ ಬಾಗಿಲಲ್ಲಿ... ಬೇಡ.

"ಏನೋ ಒಂದಿಷ್ಟು ಸಿಕ್ತು" ಅಂದೆ. ಅಯ್ಯೋ ಪಾಪ, ಅಂದಳು.

ಅಜ್ಜಿ ಒಲೆಯಿಂದ ತಿರುಗಿ ನನ್ನನ್ನು ನೋಡಿದಳು. ತಾತನ ಪಾಲೆಂದು ಒಂದು ತುಂಡನ್ನು ಬೆಂಕಿಗೆ ಹಾಕಿ, ಇನ್ನೊಂದನ್ನು ನನ್ನ ಬಟ್ಟಲಿಗೆ ಹಾಕಿದಳು. ಅದರ ರುಚಿ ಎಂಥದ್ದೆಂದರೆ —