ದೋಣಿ ದಡಕ್ಕೆ ಬಂದ ಮೇಲೆ ಹುಡುಕಿದ ಇಂಟರ್ನ್‌ಶಿಪ್

ಅಪ್ಪಾ,

ನೀನು ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ ಮಳೆಗಾಲಗಳು ನೆನಪಿದೆಯಾ? ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ನಿನ್ನ ಪಕ್ಕ ಕೂರುತ್ತಿದ್ದೆ. ಮೀನುಗಾರಿಕೆ ಬಂದ್, ದೋಣಿ ದಡದ ಮೇಲೆ ಅನ್ನೋದೆಲ್ಲ ದೊಡ್ಡವರ ಮಾತು. ನನ್ನ ಲೆಕ್ಕದಲ್ಲಿ ಜೂನ್, ಜುಲೈ ಅಂದರೆ ಅಪ್ಪ ಮನೆಯಲ್ಲಿರುವ ತಿಂಗಳು, ಅಷ್ಟೇ. ಅದೇ ಈಗ ನನ್ನ ಕುತ್ತಿಗೆಗೆ ಬಂದಿದೆ.

ಕುಮಟಾದ ಹಾಸ್ಟೆಲ್ ಗೇಟಿನಲ್ಲಿ ನನ್ನನ್ನು ಬಿಟ್ಟುಹೋಗುವಾಗ ನೀನು, "ಡಿಗ್ರಿ ಮುಗಿಸಿಕೊಂಡೇ ಬಾ, ಮಧ್ಯೆ ಎಂತ ಕತೆನೂ ಹೇಳ್ಬೇಡ" ಅಂದಿದ್ದೆ. ಪರೀಕ್ಷೆ ಮುಗಿಯಿತು ಅಪ್ಪಾ. ಇಂಟರ್ನ್‌ಶಿಪ್ ಒಂದು ಬಾಕಿ. ಅಂದ್ರೆ ಎಂತ ಅಂತ ಕೇಳ್ತೀಯ. ಪ್ರಾಣಿಶಾಸ್ತ್ರ ಓದಿದವರು ಅಂಥದ್ದೇ ಕೆಲಸ ನಡೆಯುವ ಕಡೆ ಹೋಗಿ, ದುಡಿದು ಕಲಿಯಬೇಕು. ಸೇರಿಸಿಕೊಳ್ಳುತ್ತೇವೆ ಅಂತ ಅವರು ಪತ್ರ ಕೊಡಬೇಕು, ಶುರು ಮಾಡುವ ಮೊದಲೇ ಕಾಲೇಜು ಒಪ್ಪಬೇಕು, ಕೊನೆಗೆ ವರದಿ ಒಪ್ಪಿಸಿದರೆ ಕ್ರೆಡಿಟ್. ಕ್ರೆಡಿಟ್ ಇಲ್ಲದೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದೆ ನಾನು ಅಮ್ಮನ ಮುಂದೆ ಹೇಗೆ…

ಮಾರ್ಚ್‌ನಲ್ಲೇ ಭಟ್ಕಳದ ಒಂದು ಮೀನು ಪ್ಯಾಕಿಂಗ್ ಘಟಕಕ್ಕೆ ಹೋಗಿ ಕೇಳಿದ್ದೆ. ಮ್ಯಾನೇಜರ್, "ಪರೀಕ್ಷೆ ಮುಗಿಸಿ ಬಾ" ಅಂದರು. ಆ ಮಾತು ನಂಬಿ ಬೇರೆಲ್ಲೂ ಕೇಳಲಿಲ್ಲ. ಜೂನಿನಲ್ಲಿ ಹೋದರೆ ಗೇಟಿಗೆ ಬೀಗ. ವಾಚ್‌ಮನ್ ನನ್ನನ್ನೇ ನೋಡಿದ. "ದೋಣಿನೇ ಹೋಗ್ತಿಲ್ಲ, ಮೀನು ಎಲ್ಲಿಂದ ಬರ್ತದೆ? ನೀ ಯಾವ ಊರವಳು ಮಾರಾಯ್ತಿ?" ಮೀನುಗಾರರ ಊರು ತೆಂಗಿನಗುಂಡಿ ಅನ್ನಲು ನಾಚಿಕೆಯಾಗಿ ತಿರುಗಿ ನಡೆದೆ. ದೋಣಿ ನಡೆಸುವ ತಾಂಡೇಲನ ಮಗಳು, ಕಡಲು ಬಂದಾಗುವ ತಿಂಗಳನ್ನೇ ಮರೆತಿದ್ದೆ. ಮರೆಯದೆ ಎಂತ ಮಾಡಲಿ? ನೀನು ಹೋದ ಮೇಲೆ ನಮ್ಮನೆಗೆ ಆ ತಿಂಗಳು ಬಂದೇ ಇಲ್ಲ.

ಹೊನ್ನಾವರದ ಸೇತುವೆ ಬಂತೆಂದರೆ ನೀನು ಬಸ್ಸಿನ ಕಿಟಕಿಯಿಂದ, ಹೊಳೆ ಕಡಲು ಸೇರುವ ಅಳಿವೆ ತೋರಿಸುತ್ತಿದ್ದೆ. ಈ ಸಲ ಅದನ್ನು ನೋಡುವ ಮನಸ್ಸೂ ಇಲ್ಲದೆ ಆಚೆಗೆ ಈಚೆಗೆ ಅಲೆದೆ. ಪ್ರವಾಸಿಗರಿಗೆ ಅಳಿವೆಯ ಹಕ್ಕಿ, ಏಡಿ ತೋರಿಸುವ ಹೊನ್ನಾವರದ ಬೋಟಿಂಗಿನವರು ಮಳೆಗೆ ಬಾಗಿಲು ಹಾಕಿದ್ದರು. ಕುಮಟಾದ ಸಿಗಡಿ ಸಾಕುವ ಹೊಂಡದವರು, ಹುಡುಗಿಯರನ್ನು ಇಟ್ಟುಕೊಳ್ಳೋದಿಲ್ಲ ಅಂದರು. ಗೆಳತಿ ಶ್ವೇತಾ, "ಮೀನು ವ್ಯಾಪಾರದ ನಮ್ಮ ಚಿಕ್ಕಪ್ಪನ ಹತ್ರ ಪತ್ರಕ್ಕೆ ಒಂದು ಸಹಿ ಹಾಕಿಸಿ ಕೊಡ್ತೆ, ಆತು. ಕೆಲಸ ಮಾಡಿದ್ದಾ ಇಲ್ವಾ ಯಾರು ನೋಡ್ತಾರೆ?" ಅಂದಳು. ಹೂಂ ಅನ್ನುವವಳೇ ಇದ್ದೆ. ಅಷ್ಟು ಸೋತಿದ್ದೆ. ನಿನ್ನ ಮುಖ ನೆನಪಾಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ.

ಮೊನ್ನೆ ಕಾಲೇಜಿನಲ್ಲಿ ನಮ್ಮ ಗೈಡ್ ಮೇಡಂ ಎದುರು ನಿಂತಾಗಲೂ ಅಳುವೇ. ಅವರು ನೀರು ಕೊಟ್ಟು, "ಬಂದ್ ಇರುವಾಗ ನಿಮ್ಮ ಊರಲ್ಲಿ ಎಂತ ಮಾಡ್ತಾರೆ?" ಅಂತ ಕೇಳಿದರು. ಬಲೆ ರಿಪೇರಿ ಅಂದೆ. "ಮತ್ತೆ ಅದನ್ನೇ ನೋಡು. ಯಾವ ಬಲೆಯ ಕಣ್ಣು ಎಷ್ಟು ಅಗಲ, ಅದರಲ್ಲಿ ಮರಿಮೀನು ತಪ್ಪಿಸಿಕೊಳ್ತದಾ ಇಲ್ವಾ, ಬರೆದುಕೊಂಡು ಬಾ. ಅಲ್ಲಿಯ ಸೊಸೈಟಿ ಪತ್ರ ಕೊಟ್ಟರೆ ನಾನು ಒಪ್ಪುತ್ತೇನೆ." ಮೀನುಗಾರರ ಸೊಸೈಟಿಯ ಸೆಕ್ರೆಟರಿ ನಿನ್ನ ಹೆಸರು ಕೇಳಿದ್ದೇ ಪತ್ರ ಬರೆದರು. ಇವತ್ತು ಮೇಡಂ ಒಪ್ಪಿಗೆಯೂ ಬಂತು. ಖುಷಿಪಡಬೇಕಿತ್ತು. ಆದರೆ ಸೆಕ್ರೆಟರಿ, "ನಾಳೆ ನಿನ್ನಪ್ಪನ ದೋಣಿಯಿಂದಲೇ ಶುರು ಮಾಡು" ಅಂದುಬಿಟ್ಟರು.

ಆ ದೋಣಿಯಿಂದ ನಿನ್ನನ್ನು ಎತ್ತಿ ಇಳಿಸಿದ್ದನ್ನು ನಾನು ನೋಡಿದ್ದೇನೆ. ಎದೆನೋವು ಅಂತ ಕಡಲಲ್ಲೇ ಕೂತವನು, ದಡ ಮುಟ್ಟುವಷ್ಟರಲ್ಲಿ… ಅವತ್ತಿನಿಂದ ನಾನು ಆ ದಡಕ್ಕೆ ಕಾಲಿಟ್ಟಿಲ್ಲ. ಅಮ್ಮ ಮೀನು ತರಲು ಕಳಿಸಿದರೆ ಜಗಳ ಮಾಡಿ ತಪ್ಪಿಸಿಕೊಂಡಿದ್ದೇನೆ. ಊರಿಡೀ ಸುತ್ತಿ ಎಲ್ಲ ಬಾಗಿಲು ತಟ್ಟಿದೆನಲ್ಲ, ಇದೊಂದನ್ನು ಬಿಟ್ಟು ಬೇರೆ ಯಾವುದಾದರೂ ತೆರೆಯಬಾರದಿತ್ತಾ? ಬಲೆಯ ಕಣ್ಣು ಅಳೆಯಬೇಕೆಂದರೆ ಬಲೆ ಹಿಡಿಯಬೇಕು. ನೀನು ಹಾಕಿದ ಗಂಟು ನನ್ನ ಬೆರಳಿಗೆ ಗೊತ್ತಾಗುತ್ತದೆ ಅಪ್ಪಾ. ಆಗ ನಾನು ಎಂತ ಮಾಡಲಿ?

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಒಳಗೆ ಹೋಗಿ ನೀನು ಬಲೆ ಹೆಣೆಯುತ್ತಿದ್ದ ಸೂಜಿ ತಂದು, ಒರೆಸಿ, ನನ್ನ ಕಾಲೇಜು ಚೀಲದೊಳಗೆ ಇಟ್ಟಳು.

ನಾಳೆ ಬೆಳಿಗ್ಗೆ ದಡಕ್ಕೆ ಬರ್ತೇನೆ. ಕೆಲಸ ಸರಿಯಾಗಿಯೇ ಮಾಡ್ತೇನೆ. ಅತ್ತರೆ ಬೈಬೇಡ.

ನಿನ್ನ ಮಗಳು