ಇಲ್ಲದ ಮೂರು ಮೀಟರ್ ಗೋಡೆಯನ್ನು ಕೆಡವುವ ಬಗ್ಗೆ

ಕುರ್ಚಿಯಿಂದ ಏಳದೆಯೇ ಊರಿನ ಗೋಡೆಗಳನ್ನೆಲ್ಲ ಅಳೆಯಬಲ್ಲ ಮಾನ್ಯ ಕಟ್ಟಡ ಅಧಿಕಾರಿಗಳೇ,

ನನ್ನ ಮನೆಯ ಕಾಂಪೌಂಡ್ ಗೋಡೆಯ ಎತ್ತರ ಮಿತಿಗಿಂತ ಮೂರು ಮೀಟರ್ ಹೆಚ್ಚಾಗಿದೆ, ಸೋಮವಾರದೊಳಗೆ ಕೆಡವದಿದ್ದರೆ ನಿಮ್ಮವರೇ ಬಂದು ಕೆಡವುತ್ತಾರೆ ಎಂಬ ನೋಟಿಸು ಕೈಸೇರಿದೆ. ಕೆಡವಲು ನನ್ನ ಅಭ್ಯಂತರವೇನೂ ಇಲ್ಲ. ಆದರೆ ಆ ಮೂರು ಮೀಟರ್ ಎಲ್ಲಿದೆ ಎಂದು ದಯವಿಟ್ಟು ತೋರಿಸಿಕೊಡಿ. ನನ್ನ ಗೋಡೆ ಇರುವುದೇ ಐದಡಿ. ಅದರ ಮೇಲಿಂದ ಪಕ್ಕದ ಮನೆಯಾಕೆ ನಮ್ಮ ಅಂಗಳದ ಆಗುಹೋಗುಗಳನ್ನೆಲ್ಲ ಹಿಮ್ಮಡಿ ಎತ್ತದೆಯೇ ನೋಡುತ್ತಾರೆ.

ಆದದ್ದಿಷ್ಟು. ನಿಮ್ಮ ಸರ್ವೇಯರ್ ಟೇಪು ಹಿಡಿದು ಐದಡಿ ಎಂದು ಸರಿಯಾಗಿಯೇ ಅಳೆದರು. ಮೊಬೈಲಿನಲ್ಲಿ ಬರೀ ‘5’ ಎಂದು ಒತ್ತಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಿಮ್ಮ ಕಂಪ್ಯೂಟರ್ ಅದನ್ನು ಐದು ಮೀಟರ್ ಎಂದುಕೊಂಡು, ಎರಡು ಮೀಟರಿನ ಮಿತಿ ದಾಟಿದೆ ಎಂದು ತೀರ್ಪು ಕೊಟ್ಟಿತು. ನೋಟಿಸು ಬಂದ ಮೇಲೆ ಸರ್ವೇಯರನ್ನು ಮನೆಗೆ ಕರೆತಂದು ಕೇಳಿದೆ.

“ಏನ್ಮಾಡ್ಲಿ ಸಾರ್, ಅಡಿ ಅಂತ ಬರೆಯೋಕೆ ಹೋದ್ರೆ ಅದು ತಗೊಳ್ಳಲ್ಲ. ಬರೀ ಅಂಕಿ ಹಾಕು ಅನ್ನುತ್ತೆ. ಈಗ ತಿದ್ದೋಕೆ ಹೋದ್ರೆ, ಕೆಡವಿದ ಮೇಲಿನ ಅಳತೆ ಕೊಡು ಅನ್ನುತ್ತೆ.”

ಜಗಲಿಯಲ್ಲಿದ್ದ ಅಮ್ಮ ಸುಮ್ಮನಿರಲಿಲ್ಲ. “ಬರೀ ಐದು ಅಂದ್ರೆ ಏನಪ್ಪಾ? ಐದು ಮೊಳಾನಾ, ಐದು ಗೇಣಾ? ಅಂಗಡಿಗೆ ಹೋಗಿ ‘ಐದು ಸಕ್ಕರೆ ಕೊಡಿ’ ಅಂದ್ರೆ ಕೊಡ್ತಾರಾ?”

ಮಾನ್ಯರೇ, ದಿನಸಿ ಅಂಗಡಿಗಿರುವ ವಿವೇಕ ನಿಮ್ಮ ಯಂತ್ರಕ್ಕೆ ಬೇಡವೇ? ಐದಡಿ ಗೋಡೆಯಿಂದ ಮೂರು ಮೀಟರ್, ಅಂದರೆ ಹತ್ತಿರ ಹತ್ತಿರ ಹತ್ತಡಿ ಕಳೆದರೆ ಉಳಿಯುವುದು ಗೋಡೆಯಲ್ಲ, ಐದಡಿ ಆಳದ ಹೊಂಡ. ಅನುಮತಿಯಿಲ್ಲದೆ ಹೊಂಡ ತೋಡಿದ್ದಕ್ಕೆ ಇನ್ನೊಂದು ನೋಟಿಸು ಬರುವುದಿಲ್ಲ ಎಂದು ಏನು ಗ್ಯಾರಂಟಿ?

ನಗುತ್ತಲೇ ಬರೆದೆ, ಆದರೆ ನನಗೆ ಭಯವಾಗಿದೆ. ಅಮ್ಮನ ಕಣ್ಣು ಮಂಜಾಗಿದೆ. ದಿನವೂ ಬೆಳಿಗ್ಗೆ ಆ ಗೋಡೆಯ ಮೇಲೆ ಕೈಯಾಡಿಸುತ್ತಾ, ಯಾರ ಹಂಗೂ ಇಲ್ಲದೆ ಗೇಟಿನವರೆಗೆ ನಡೆಯುತ್ತಾರೆ. ಅವರಿಗೆ ಈ ಮನೆಯಲ್ಲಿ ಉಳಿದಿರುವ ಸ್ವಾತಂತ್ರ್ಯ ಅದೊಂದೇ. ನಿಮ್ಮವರು ಸೋಮವಾರ ಬಂದು, ಕಂಪ್ಯೂಟರ್ ಹೇಳಿದ ಮೂರು ಮೀಟರ್ ಸಿಗದೆ, ಕೈಗೆ ಸಿಕ್ಕ ಐದಡಿಯನ್ನೇ ಉರುಳಿಸಿ ಹೋದಾರು.

ಆದ್ದರಿಂದ ನೋಟಿಸು ಹಿಂಪಡೆಯಿರಿ. ಅಂಕಿಯ ಪಕ್ಕದಲ್ಲಿ ಅಡಿಯೋ ಮೀಟರೋ ಎಂದು ಕೇಳುವ ಇನ್ನೊಂದು ಖಾನೆ ಇಡಿಸಿ. ಅದು ತುಂಬುವವರೆಗೆ ಯಾವ ಅಂಕಿಯನ್ನೂ ಒಳಗೆ ಬಿಡಬೇಡಿ. ನಂಬಿಕೆ ಬಾರದಿದ್ದರೆ ನೀವೇ ಬಂದು ಗೋಡೆಯಾಚೆ ನಿಲ್ಲಿ. ನಿಮ್ಮ ಮುಖ ನನಗೆ ಕಾಣದಿದ್ದರೆ ನಾನೇ ಹಾರೆ ಎತ್ತುತ್ತೇನೆ. ಕಂಡರೆ ಅಲ್ಲೇ ಸ್ವಲ್ಪ ಕಾಯಿರಿ. ಗೋಡೆ ಹಿಡಿದುಕೊಂಡು ಗೇಟು ತೆಗೆಯಲು ಅಮ್ಮನೇ ಬರುತ್ತಾರೆ.

ಇಂತಿ,
ತನ್ನ ಅಕ್ರಮ ಕೋಟೆಯ ಮೇಲೆ ಆರಾಮಾಗಿ ಗದ್ದವೂರಿ ನಿಲ್ಲಬಲ್ಲ ಒಡೆಯ