ಬಾವುಟದ ಕೆಳಗೆ ಕಟ್ಟಿದ್ದು

ಲೇವಾರ್ಡೆನ್
ಜೂನ್ ೧೪, ಶನಿವಾರ

ಪ್ರೀತಿಯ ಅಮ್ಮ,

ಗುರುವಾರ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ಮತ್ತೆ ಫೋನ್ ಮಾಡಿದರೆ ನಾನು ಹೇಳಿದ್ದಕ್ಕೆಲ್ಲ ನೀನು ತಿರುಗಿ ಪ್ರಶ್ನೆ ಕೇಳುತ್ತೀಯ, ನನಗೆ ಸಿಟ್ಟು ಬರುತ್ತದೆ. ಕಾಗದವಾದರೆ ನೀನು ಕೊನೆಯವರೆಗೂ ಓದಲೇಬೇಕು.

ಇಲ್ಲಿ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಫೇಲಾದವರಿಗೆ ಮೊದಲು ಫೋನ್ ಬರುತ್ತದೆ, ಪಾಸಾದವರಿಗೆ ಆಮೇಲೆ. ಅಪ್ಪನೂ ನಾನೂ ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ಕೂತು, ಅದು ಸದ್ದು ಮಾಡದಿರಲಪ್ಪ ಎಂದು ಕಾದೆವು. ಕೊನೆಗೆ ಸಿಹಿ ಸುದ್ದಿಯೇ ಬಂತು. ನಾನು ಫೋನ್ ಇಡುವಷ್ಟರಲ್ಲಿ ಅಪ್ಪ ಏಣಿಯ ಮೇಲಿದ್ದರು. ಪಾಸಾದವರ ಮನೆಯಲ್ಲೆಲ್ಲ ಮಾಡುವಂತೆ ಬಾವುಟ ಏರಿಸಿ, ಅದರ ಕೆಳಗೆ ನನ್ನ ಶಾಲೆಯ ಚೀಲ ನೇತುಹಾಕಿದರು. ಬೀದಿಯವರು ಬಂದು ಅಪ್ಪನ ಕೈ ಕುಲುಕಿ, "ಮಗಳು ಪಾಸಾದ್ಲಂತೆ, ಕೇಕ್ ಯಾವಾಗ?" ಎಂದು ಕೇಳಿದರು. ಅಷ್ಟು ಜನರ ನಡುವೆ ನನಗೆ ಒಂಟಿ ಅನ್ನಿಸಿತು. ಮಹಡಿಗೆ ಓಡಿಹೋಗಿ ನಿನಗೆ ಫೋನ್ ಮಾಡಿದೆ.

"ಅಮ್ಮಾ, ಪಾಸಾದೆ" ಎಂದೆ. ನೀನು, "ನಿನಗೆ ಏನನ್ನಿಸ್ತಿದೆ, ಹಿಸ್ಕೆ?" ಎಂದು ಕೇಳಿದೆ. "ನಿನಗೆ ಏನನ್ನಿಸ್ತಿದೆ, ಅದನ್ನ ಹೇಳು" ಎಂದೆ ನಾನು. "ಓದಿದ್ದು ನೀನು ಕಣೆ, ನನ್ನ ಅಭಿಪ್ರಾಯ ತಗೊಂಡು ಏನ್ಮಾಡ್ತೀಯ?" ಎಂದೆ ನೀನು. ನಾನು ಫೋನ್ ಇಟ್ಟುಬಿಟ್ಟೆ.

ಅಪ್ಪನ ಹೊಗಳಿಕೆಯಂತೂ ನಿನಗೆ ಗೊತ್ತೇ ಇದೆ. ನಾನು ಮೊಟ್ಟೆ ಬೇಯಿಸಿದರೂ "ಅದ್ಭುತ ಕಣೆ" ಅನ್ನುತ್ತಾರೆ. ಮೊಟ್ಟೆಗೂ ಅದೇ ಮಾತು, ಗಣಿತಕ್ಕೂ ಅದೇ ಮಾತು. ಪಾಪ, ಒಳ್ಳೆಯ ಮನುಷ್ಯ. ಆದರೆ ನನಗೆ ಬೇಕಾಗಿದ್ದದ್ದು ನಿನ್ನ ಬಾಯಿಂದ ಬರುವ ಒಂದು ಮಾತು.

ಅದು ಬರುವುದಿಲ್ಲ ಎಂದೂ ಗೊತ್ತಿತ್ತು, ಏಕೆಂದರೆ ಅದಕ್ಕೆ ಬೀಗ ಹಾಕಿದವಳು ನಾನೇ. ನೀವು ಗೆಳತಿಯರೆಲ್ಲ ಸೇರಿ ಹಳೆಯ ಡೇರಿಯಲ್ಲಿ ಕಟ್ಟಿದ ನಮ್ಮ ಶಾಲೆಯ ಬಗ್ಗೆ ಇಲ್ಲಿನ ಹುಡುಗಿಯರಿಗೆ ಹೇಳಿ ಹೇಳಿ ಸಾಕಾಗಿದೆ. ಗಂಟೆಯಿಲ್ಲ, ಮಕ್ಕಳು ಕೇಳದೆ ಪಾಠವಿಲ್ಲ, ನಿಯಮಗಳನ್ನು ಶುಕ್ರವಾರದ ಸಭೆಯಲ್ಲಿ ಮಕ್ಕಳೂ ಕೈಯೆತ್ತಿ ಮಾಡುತ್ತಾರೆ ಎಂದರೆ, "ಮತ್ತೆ ನೀನು ಅಲ್ಲಿ ಏನ್ಮಾಡ್ತಿದ್ದೆ?" ಎಂದು ನಗುತ್ತಾರೆ. "ಕಾಲುವೆ ತೋಡ್ತಿದ್ದೆ" ಅನ್ನುತ್ತೇನೆ. ಅದು ನಿಜವೇ. ನೀಲಿ ಬೂಟು ಹಾಕಿಕೊಂಡು ಪಂಪಿನಿಂದ ಪಿಯರ್ ಮರದವರೆಗೆ ನೀರು ಹರಿಸಿದ ದಿನ ನಿನ್ನನ್ನು ಕೂಗಿ ಕರೆದಿದ್ದೆ. ನೀನು ಯಾರೊಂದಿಗೋ ಮಾತಾಡುತ್ತ, ಇತ್ತ ತಿರುಗಿಯೂ ನೋಡದೆ, "ಭೇಷ್, ತುಂಬಾ ಚೆನ್ನಾಗಿದೆ" ಅಂದುಬಿಟ್ಟೆ.

ನನಗೆ ಆಗ ಏಳು ವರ್ಷ, ಸಿಟ್ಟು ಮಾತ್ರ ಎಪ್ಪತ್ತರದ್ದು. ಆ ಶುಕ್ರವಾರ ಬೆಂಚು ಹತ್ತಿ ನಿಂತು, ಮಕ್ಕಳು ಮಾಡಿದ್ದನ್ನು ದೊಡ್ಡವರು ಚೆನ್ನಾಗಿದೆ ಅನ್ನಬಾರದು ಎಂದು ಗೊತ್ತುವಳಿ ಮಂಡಿಸಿದೆ. ಎಲ್ಲರ ಕೈಯೂ ಮೇಲೆದ್ದಿತು, ನಿನ್ನದೂ. ಅಂದಿನಿಂದ ನೀನು ಅದನ್ನು ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲೂ ಪಾಲಿಸಿದೆ. ನಾನು ಮಾಡಿದ ಸೂಪನ್ನು ಎರಡು ಸಲ ಹಾಕಿಸಿಕೊಂಡು ತಿಂದರೂ ತುಟಿ ಬಿಚ್ಚುತ್ತಿರಲಿಲ್ಲ. ಇಂಥ ಪ್ರಾಮಾಣಿಕಳ ಜೊತೆ ಬಾಳುವುದು ಕಷ್ಟ, ಅಮ್ಮ.

ಹದಿನಾಲ್ಕಕ್ಕೆ ಒಂದು ಸಂಜೆ, "ಅಪ್ಪನ ಹತ್ರ ಹೋಗಿ ಪರೀಕ್ಷೆ ಇರೋ ಶಾಲೆಗೆ ಸೇರ್ಕೊಳ್ಲಾ?" ಎಂದು ಕೇಳಿದ್ದೆ. "ಅದು ನಿನ್ನ ನಿರ್ಧಾರ ಕಣೆ" ಎಂದೆ ನೀನು. ಅಟ್ಟದಿಂದ ಸೂಟ್‌ಕೇಸ್ ಇಳಿಸಿಕೊಟ್ಟೆ, ಬಟ್ಟೆಗಳನ್ನು ಎಷ್ಟು ಅಚ್ಚುಕಟ್ಟಾಗಿ ಮಡಿಸಿಕೊಟ್ಟೆ. ನಾನು ಮೆಟ್ಟಿಲ ಮೇಲೆ ಬೇಕೆಂದೇ ತಡಮಾಡುತ್ತ ಕೂತಿದ್ದೆ. ಹೋಗಬೇಡ ಎಂದು ಒಂದು ಸಲ ಅನ್ನಲಿ ಎಂದು ಕಾಯುತ್ತಿದ್ದೆ. ಅಂದಿದ್ದರೂ ಹೋಗುತ್ತಿದ್ದೆನೇನೋ, ಬಾಗಿಲು ಧಡಾರೆಂದು ಹಾಕಿಕೊಂಡು. ಆದರೆ ನನ್ನನ್ನು ಯಾರೋ ತಡೆದಿದ್ದರು ಎಂಬುದಾದರೂ ಜೊತೆಗಿರುತ್ತಿತ್ತು.

ಇಲ್ಲಿಗೆ ಬಂದ ಮೇಲೂ ಹಾಗೇ ಆಯಿತು. ಮಕ್ಕಳು ಕರೆಯದೆ ತಂದೆತಾಯಿ ನಮ್ಮ ಶಾಲೆಯ ಗೇಟು ದಾಟಬಾರದು ಎಂಬ ನಿಯಮವನ್ನು ನೀನು ಅಪ್ಪನ ಮನೆಗೂ ಹಚ್ಚಿದೆ. ನಾನು ಕರೆಯಲಿಲ್ಲ, ನೀನು ಬರಲಿಲ್ಲ. ರಜೆಯಲ್ಲಿ ನಾನೇ ಬಂದರೆ, "ಬಂದ್ಯಾ, ಇನ್ನೊಂದು ತಟ್ಟೆ ತಗೊ" ಎನ್ನುತ್ತಿದ್ದೆ, ಆಗತಾನೇ ಊಟದ ನಡುವೆ ಎದ್ದುಹೋಗಿದ್ದವಳು ವಾಪಸ್ಸು ಬಂದ ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಭೆಯಲ್ಲಿ ಗೊತ್ತುವಳಿ ಮಂಡಿಸಿದವರಿಗೆ ಅದನ್ನು ಹಿಂತೆಗೆದುಕೊಳ್ಳುವ ಹಕ್ಕೂ ಇದೆಯಲ್ಲ? ಶಾಲೆಯಲ್ಲಿ ಅದು ಹಾಗೇ ಇರಲಿ, ಚಿಕ್ಕವರಿಗೆ ಅದರಿಂದ ಒಳ್ಳೆಯದೇ ಆಗಿರಬಹುದು. ನನ್ನ ಮಟ್ಟಿಗೆ ಹಿಂತೆಗೆದುಕೊಳ್ಳುತ್ತಿದ್ದೇನೆ. ನಾನು ಮಾಡಿದ್ದನ್ನು ತಿರುಗಿ ನೋಡು, ನೋಡಿ ಹೇಳು. ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಅನ್ನು, ತಡೆದುಕೊಳ್ಳುತ್ತೇನೆ.

ನಾಳೆ ಮಧ್ಯಾಹ್ನ ಇಲ್ಲಿ ಕೇಕು, ಕಾಫಿ. ನೀನು ಬರಲೇಬೇಕೆಂದೇನಿಲ್ಲ, ಅದು ನಿನ್ನ ನಿರ್ಧಾರ. ನನಗೇನೂ ಬೇಸರವಿಲ್ಲ.

ನಿನ್ನ ಮಾತಿಗಾಗಿ ಇನ್ನೂ ಮೆಟ್ಟಿಲ ಮೇಲೇ ಕೂತಿರುವ,
ಹಿಸ್ಕೆ

ತಾ.ಕ. ಭಾನುವಾರ ಬೆಳಿಗ್ಗೆ, ನಿನ್ನ ಬಾಗಿಲ ಮುಂದೆ.

ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಶನಿವಾರ ಬರೆದ ಕಾಗದ ಅಂಚೆಯಲ್ಲಿ ನಿನಗೆ ಸಿಗುವುದು ಮಂಗಳವಾರ, ಆಗ ಕೇಕು ಮುಗಿದಿರುತ್ತದೆ ಎಂದು ಲೆಕ್ಕ ಹಾಕಿಯೇ ಬರೆದೆ. ಕರೆದೂ ನೀನು ಬಾರದಿದ್ದರೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಆದರೂ ಬೆಳಿಗ್ಗೆ ಮನಸ್ಸು ತಡೆಯದೆ, ಕಾಲುವೆ ದಾರಿಯಲ್ಲಿ ಸೈಕಲ್ ತುಳಿದು, ನಾನೇ ಇದನ್ನು ಕೊಡೋಣವೆಂದು ಬಂದೆ.

ತಿರುವಿನಿಂದಲೇ ನಿನ್ನ ಮನೆಯ ಮೇಲೆ ಬಾವುಟ ಕಂಡಿತು. ಅದರ ಕೆಳಗೆ ನನ್ನ ನೀಲಿ ಬೂಟುಗಳು ತೂಗುತ್ತಿದ್ದವು, ಅಟ್ಟೆಯಲ್ಲಿ ಆಗಿನ ಮಣ್ಣು ಹಾಗೇ ಇದೆ. ಪಕ್ಕದ ಮನೆಯ ಬಾವ್ಕೆ ಅಜ್ಜಿ ಬೇಲಿಯ ಹತ್ತಿರ ಬಂದು, "ನಿಮ್ಮಮ್ಮ ಗುರುವಾರ ಫೋನ್ ಇಟ್ಟವಳೇ ಏರ್ಸಿದ್ಲು ಕಣೆ. ಬೂಟ್ಯಾಕೆ, ಚೀಲ ಎಲ್ಲಿ ಅಂದೆ. ಚೀಲ ಅವರಪ್ಪಂದು, ಇದು ನಂದು ಅಂದ್ಲು" ಎಂದರು. ನೀನು ಎಲ್ಲಿ ಎಂದು ಕೇಳಿದೆ. "ನಿಮ್ಮಪ್ಪನ ಬೀದಿಗೆ. ನಿನ್ನೇನೂ ಹೋಗಿದ್ಲು. ಮೂಲೇಲಿ ಸೈಕಲ್ ನಿಲ್ಸಿ ಬಾವುಟ ನೋಡ್ಕೊಂಡು ಬರ್ತಾಳಂತೆ. ಒಳಕ್ಕೆ ಹೋಗೇ ಅಂದ್ರೆ, ಅವಳು ಕರ್ದಿಲ್ವಲ್ಲ ಅಂತಾಳೆ."

ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ಹಾಕಿ ನಾನೂ ಅಲ್ಲಿಗೇ ಹೊರಟೆ, ಈ ಸಲ ರಸ್ತೆಯಲ್ಲಿ, ದಾರಿಯಲ್ಲಿ ನೀನು ಸಿಕ್ಕರೂ ಸಿಗಬಹುದು. ಒಂದು ಬೂಟು ಬಿಚ್ಚಿಕೊಂಡಿದ್ದೇನೆ, ಅಪ್ಪನ ಬಾವುಟದ ಕೆಳಗೆ ಚೀಲದ ಪಕ್ಕದಲ್ಲಿ ಕಟ್ಟುತ್ತೇನೆ. ಸಿಗದಿದ್ದರೆ, ಇದನ್ನು ಓದಿದ ಕೂಡಲೇ ಇನ್ನೊಂದನ್ನು ತೆಗೆದುಕೊಂಡು ಬಾ. ಮೂಲೆಯಲ್ಲಿ ನಿಲ್ಲಬೇಡ. ನಾನು ಕರೆಯುತ್ತಿದ್ದೇನೆ, ಒಳಗೆ ಬಾ.